ಗಾಳಿಗೆ ಮಾಡು ಹೋಯಿತು, ಕಂಪನಿ ಕೈ ಎತ್ತಿತು: ಮನೆ ವಿಮೆಯ ಜಗಳವನ್ನು ಗ್ರಾಹಕ ಆಯೋಗದವರೆಗೆ ಒಯ್ಯುವ ದಾರಿ

ಮೇ ತಿಂಗಳ ಕೊನೆಯ ವಾರ, ಸಂಜೆ ಏಳು ಗಂಟೆ. ಮಳೆಗಾಲ ಇನ್ನೂ ಶುರುವಾಗಿರಲಿಲ್ಲ. ಕಟಪಾಡಿ ಹತ್ತಿರದ ನಮ್ಮ ಹಳೇ ಮನೆಯ ಹಿತ್ತಲಲ್ಲಿದ್ದ ಹಲಸಿನ ಮರ ಅಡುಗೆಮನೆಯ ಮಾಡಿನ ಮೇಲೆ, ಅಂದರೆ ಹಂಚಿನ ಚಾವಣಿಯ ಮೇಲೆ, ಬಿತ್ತು. ಅಮ್ಮ ಆಗಷ್ಟೇ ಚಾವಡಿಗೆ ಬಂದು ಕೂತಿದ್ದರು, ಅದೊಂದು ಪುಣ್ಯ. ಬೆಳಿಗ್ಗೆ ನೋಡಿದರೆ ಒಲೆಯ ಮೇಲೆ ಆಕಾಶ ಕಾಣುತ್ತಿತ್ತು. ಅಕ್ಕಿ ಡಬ್ಬದ ತುಂಬ ಹಂಚಿನ ಚೂರು.

ಮನೆಗೆ ಇನ್ಶೂರೆನ್ಸ್ ಇತ್ತು. ರಿಪೇರಿಗೆ 2,86,400 ರೂಪಾಯಿ ಆಯಿತು. ಕಂಪನಿ ಕೊಡುತ್ತೇನೆ ಎಂದದ್ದು 64,000. ಉಳಿದದ್ದಕ್ಕೆ ಅವರು ಬರೆದ ಕಾರಣ ಒಂದೇ ಸಾಲು: ಪಕ್ಕಾಸಿಗೆ, ಅಂದರೆ ಮಾಡನ್ನು ಹೊರುವ ಮರದ ತೊಲೆಗಳಿಗೆ, ಮೊದಲೇ ಗೆದ್ದಲು ಹಿಡಿದಿತ್ತು. ಅಲ್ಲಿಂದ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗದ ಆದೇಶ ಕೈಗೆ ಬರಲು ಒಂದು ವರ್ಷ ಏಳು ತಿಂಗಳು ಹಿಡಿಯಿತು. ನಾನು ವಕೀಲನಲ್ಲ. ಆದರೆ ಈ ದಾರಿಯಲ್ಲಿ ನಡೆದು ಕಾಲು ಸವೆಸಿದ್ದೇನೆ, ಎಲ್ಲಿ ಎಡವಿದೆ ಎಂದು ನೆನಪಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೇಸು ನಿಲ್ಲುವುದೋ ಬೀಳುವುದೋ ಎಂಬುದು ಮರ ಬಿದ್ದ ಮೊದಲ ನಾಲ್ಕು ದಿನದಲ್ಲಿ ನೀವು ಏನು ಎತ್ತಿಟ್ಟಿರಿ ಎಂಬುದರ ಮೇಲಿದೆ. ಆಮೇಲೆ ಎಷ್ಟು ದೊಡ್ಡ ವಕೀಲರನ್ನು ಇಟ್ಟರೂ ಒಲೆಗೆ ಹೋದ ಪಕ್ಕಾಸನ್ನು ಅವರು ವಾಪಸ್ ತರಲಾರರು.

ಪಾಲಿಸಿಯಲ್ಲಿ ಏನು ಉಂಟು ನೋಡಿ

ನಮ್ಮಲ್ಲಿ ಜಾಸ್ತಿ ಜನರಿಗೆ ಮನೆ ವಿಮೆ ಬಂದದ್ದು ಹೋಮ್ ಲೋನ್ ಜೊತೆಗೆ. ಪಾಲಿಸಿ ಎಲ್ಲಿದೆ ಎಂದು ಕೇಳಿದರೆ ‘ಬ್ಯಾಂಕಿನಲ್ಲಿ ಇರಬೇಕು ಮಾರಾಯ್ರೆ’ ಎನ್ನುತ್ತಾರೆ. ಬ್ಯಾಂಕಿಗೆ ಹೋಗಿ ಪೂರ್ತಿ ಪಾಲಿಸಿಯ ಪ್ರತಿ ಕೇಳಿ. ಮೊದಲ ಎರಡು ಪುಟದ ಸರ್ಟಿಫಿಕೇಟ್ ಸಾಕಾಗುವುದಿಲ್ಲ. ಜಗಳ ಬರುವುದೆಲ್ಲ ಹಿಂದಿನ ಪುಟಗಳ ಸಣ್ಣ ಅಕ್ಷರದಲ್ಲಿ.

2021ರ ಏಪ್ರಿಲ್ 1ರಿಂದ ಬೆಂಕಿ ವಿಮೆ ಮಾರುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ನಮೂನೆಯ ಪಾಲಿಸಿ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಮಾಡಿದೆ. ನಿಮ್ಮದು ಅದೇ ಆಗಿದ್ದರೆ ಒಳ್ಳೆಯದು. ಬಿರುಗಾಳಿ, ಚಂಡಮಾರುತ, ನೆರೆ, ಸಿಡಿಲು, ಗುಡ್ಡ ಕುಸಿತ ಎಲ್ಲ ಅದರಲ್ಲಿ ಸೇರಿದೆ. ಹೊರಗಿನ ವಸ್ತು ಬಡಿದು ಆದ ಹಾನಿ ಅಂತ ಒಂದು ಬೇರೆ ಸಾಲು ಉಂಟು, ಅದರಲ್ಲಿ ಮರ ಬೀಳುವುದೂ ಬರುತ್ತದೆ. ನೆರೆಮನೆಯವರ ಮರ ಬಿದ್ದರೂ ನಿಮ್ಮ ಪಾಲಿಸಿಯಿಂದಲೇ ಕೇಳಬಹುದು, ಬೇಲಿಯಾಚೆಯವರ ಜೊತೆ ಸುಮ್ನೆ ಜಗಳ ಬೇಡ. ಕಂಪೌಂಡ್ ಗೋಡೆ, ಗೇಟು, ತಡೆಗೋಡೆಗಳೂ ‘ಮನೆ’ ಎಂಬ ಮಾತಿನೊಳಗೇ ಬರುತ್ತವೆ. ಮನೆ ಸಾಮಾನಿಗೆ ಬೇರೆ ಮೊತ್ತ ಬರೆಸದಿದ್ದರೂ ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ ತಾನಾಗಿ ಸೇರಿಕೊಳ್ಳುತ್ತದೆ. ಇನ್ನೊಂದು ಮುಖ್ಯ ವಿಷಯ: ನೀವು ಮನೆಗೆ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದೀರಿ ಎಂದು ಹೇಳಿ ಕ್ಲೇಮನ್ನು ಅದೇ ಪ್ರಮಾಣದಲ್ಲಿ ಕತ್ತರಿಸುವ ಹಳೇ ಲೆಕ್ಕ ಈ ಪಾಲಿಸಿಯಲ್ಲಿ ಇಲ್ಲ.

ಪಾಲಿಸಿ ಯಾರ ಹೆಸರಲ್ಲಿದೆ ಎಂದೂ ನೋಡಿ. ಮನೆ ತೀರಿಹೋದ ಅಪ್ಪನ ಹೆಸರಲ್ಲಿ, ಪಾಲಿಸಿ ಮುಂಬೈಯಲ್ಲಿರುವ ಅಣ್ಣನ ಹೆಸರಲ್ಲಿ, ವಾಸ ಅಮ್ಮ ಒಬ್ಬರೇ. ನಮ್ಮ ಊರಲ್ಲಿ ಇದು ಮನೆಮನೆ ಕಥೆ. ಕ್ಲೇಮ್ ಬಂದಾಗ ‘ನಿಮಗೂ ಈ ಮನೆಗೂ ಏನು ಸಂಬಂಧ’ ಎಂಬ ಪ್ರಶ್ನೆ ಬರುತ್ತದೆ. ಖಾತಾ, ತೆರಿಗೆ ರಸೀದಿ, ವಂಶವೃಕ್ಷ ಇವನ್ನು ಗಾಳಿ ಬರುವ ಮೊದಲೇ ಸರಿ ಮಾಡಿಟ್ಟರೆ ನೆಮ್ಮದಿ. ಮನೆ ವರ್ಷದ ಬಹುಪಾಲು ಬೀಗ ಹಾಕಿದ್ದರೆ, ಖಾಲಿ ಮನೆಯ ಬಗ್ಗೆ ಪಾಲಿಸಿಯಲ್ಲಿ ಷರತ್ತು ಇದೆಯಾ ಎಂದು ಹುಡುಕಿ. ಇದ್ದರೆ ಕಂಪನಿಗೆ ಒಂದು ಇಮೇಲ್ ಹಾಕಿಡಿ.

ಮೊದಲ ನಾಲ್ಕು ದಿನ

ಮೊದಲ ಗಂಟೆಯಲ್ಲಿ ಫೋಟೋ, ಆಮೇಲೆ ಪೊರಕೆ. ಇದು ಹೇಳಲು ಸುಲಭ. ಒಲೆ ಮೇಲೆ ನೀರು ಸುರಿಯುವಾಗ ಯಾರಿಗೆ ಫೋಟೋ ನೆನಪಾಗುತ್ತದೆ ಹೇಳಿ. ಆದರೂ ಮನೆಯಲ್ಲಿ ಒಬ್ಬರಿಗೆ ಅದನ್ನೇ ಕೆಲಸ ಮಾಡಿ.

ಮೊದಲು ಅಂಗಳದಿಂದ ಪೂರ್ತಿ ಮನೆ ಕಾಣುವಂತೆ. ಆಮೇಲೆ ಮರ ಮತ್ತು ಮಾಡು ಎರಡೂ ಒಂದೇ ಚಿತ್ರದಲ್ಲಿ ಬರುವಂತೆ. ಆಮೇಲೆ ಹತ್ತಿರದಿಂದ. ಮರದ ಬುಡದ ಫೋಟೋ ಮರೆಯಬೇಡಿ: ಬೇರು ಸಮೇತ ಕಿತ್ತು ಬಂದಿದೆಯೋ, ಕಾಂಡ ಮುರಿದಿದೆಯೋ ಎಂದು ಅದರಲ್ಲಿ ಗೊತ್ತಾಗುತ್ತದೆ. ತಾರೀಕು, ಸಮಯ, ಜಾಗ ಫೋಟೋ ಮೇಲೇ ಅಚ್ಚಾಗುವ ಕ್ಯಾಮೆರಾ ಆ್ಯಪ್ ಇದ್ದರೆ ಒಳ್ಳೆಯದು. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿಯಲ್ಲಿ ಮೂಲ ಫೈಲಿನ ವಿವರ ಅಳಿಸಿಹೋಗುತ್ತದೆ. ಅದಕ್ಕೆ ಮೂಲ ಫೋಟೋಗಳನ್ನು ಫೋನಿನಲ್ಲೇ ಇಡಿ, ಒಂದು ಪ್ರತಿ ಬೇರೆ ಕಡೆಯೂ ಹಾಕಿ.

ಕಂಪನಿಗೆ ಅದೇ ದಿನ ತಿಳಿಸಿ. ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿದರೆ ಕ್ಲೇಮ್ ನಂಬರ್ ಕೊಡುತ್ತಾರೆ. ಅದನ್ನು ಬರೆದುಕೊಂಡು ಒಂದು ಇಮೇಲ್ ಕೂಡ ಹಾಕಿ. ಏಜೆಂಟರಿಗೆ ಹೇಳಿದ್ದೇನೆ, ಅವರು ನೋಡಿಕೊಳ್ಳುತ್ತಾರೆ ಎಂದು ಕೂರಬೇಡಿ. ಇಮೇಲ್ ಎರಡು ಸಾಲು ಇದ್ದರೆ ಸಾಕು: ‘ಇಂಥ ದಿನ ಸಂಜೆ 7ರ ಸುಮಾರಿಗೆ ಬಿರುಗಾಳಿಗೆ ಹಲಸಿನ ಮರ ಬಿದ್ದು ಅಡುಗೆಮನೆಯ ಮಾಡು, ಪಶ್ಚಿಮದ ಗೋಡೆ, ವಯರಿಂಗ್ ಹಾಳಾಗಿದೆ. ಮಳೆ ನೀರು ಒಳಗೆ ಬಾರದಂತೆ ಟರ್ಪಾಲು ಹಾಕುತ್ತಿದ್ದೇವೆ. ಸರ್ವೇಯರನ್ನು ಕೂಡಲೇ ಕಳಿಸಿ.’ ಸರ್ವೇಯರ್ ಎಂದರೆ ಹಾನಿ ನೋಡಿ ಮೊತ್ತ ಅಂದಾಜು ಮಾಡಲು ಕಂಪನಿ ಕಳಿಸುವವರು. ಆ ಟರ್ಪಾಲಿನ ಸಾಲು ಸುಮ್ಮನೆ ಬರೆದದ್ದಲ್ಲ. ಹಾನಿ ಹೆಚ್ಚಾಗದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ ಎಂದು ಪಾಲಿಸಿ ಹೇಳುತ್ತದೆ. ಟರ್ಪಾಲು, ಹಗ್ಗ, ಕೂಲಿ ಎಲ್ಲದಕ್ಕೂ ಬಿಲ್ ಇಡಿ.

ಗ್ರಾಮ ಆಡಳಿತ ಅಧಿಕಾರಿಯನ್ನು, ನಾವೆಲ್ಲ ವಿಎ ಎಂದು ಕರೆಯುವವರನ್ನು, ಕರೆಸಿ ಮಹಜರು ಮಾಡಿಸಿ. ಜನ ಇದನ್ನು ಮಾಡಿಸುವುದು ಸರ್ಕಾರದ ಪರಿಹಾರಕ್ಕಾಗಿ. ಭಾಗಶಃ ಹಾನಿಯಾದ ಪಕ್ಕಾ ಮನೆಗೆ ವಿಪತ್ತು ನಿಧಿಯ 2022–26ರ ನಿಯಮದಲ್ಲಿ ಇರುವುದು 6,500 ರೂಪಾಯಿ, ಅದಕ್ಕಾಗಿ ಯಾರು ಓಡಾಡುವುದು ಎಂದು ಕೆಲವರು ಬಿಟ್ಟೂ ಬಿಡುತ್ತಾರೆ. ಬಿಡಬೇಡಿ. 6,500ಕ್ಕಿಂತ ಆ ಮಹಜರಿನ ಕಾಗದದ ಬೆಲೆ ಜಾಸ್ತಿ. ನಿಮಗೂ ಕಂಪನಿಗೂ ಸಂಬಂಧವಿಲ್ಲದ ಒಬ್ಬ ಸರ್ಕಾರಿ ನೌಕರ ಸ್ಥಳಕ್ಕೆ ಬಂದು, ಗಾಳಿಗೆ ಮರ ಬಿದ್ದು ಹಾನಿಯಾಗಿದೆ ಎಂದು ಪಂಚರ ಸಹಿಯೊಂದಿಗೆ ಬರೆದದ್ದು ಅದು. ಮಂಗಳೂರು, ಉಡುಪಿ ಪೇಟೆಯೊಳಗಾದರೆ ಪಾಲಿಕೆ, ನಗರಸಭೆಗೂ ಒಂದು ಅರ್ಜಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಕರೆಂಟ್ ತಂತಿ ಹರಿದಿದ್ದರೆ ಮೆಸ್ಕಾಂನ 1912ಕ್ಕೆ ದೂರು ಕೊಟ್ಟು ಆ ದೂರಿನ ನಂಬರ್ ಇಟ್ಟುಕೊಳ್ಳಿ. ಆ ದಿನ ಗಾಳಿ ಬೀಸಿತ್ತು ಎಂಬುದಕ್ಕೆ ಅದೂ ಒಂದು ಸಾಕ್ಷಿ. ಮರುದಿನದ ಪೇಪರಿನ ತುಣುಕೂ ಅಷ್ಟೇ.

ಇನ್ನು ನಮ್ಮ ಪಕ್ಕಾಸಿನ ಕಥೆ. ಮೂರನೇ ದಿನ ಮರ ಕಡಿದು ತೆಗೆಸಿದೆವು. ಮುರಿದ ಪಕ್ಕಾಸು, ಹಂಚು ಕೂರುವ ಮರದ ರೀಪುಗಳನ್ನು ಕೆಲಸದವರು ಬಾವಿಕಟ್ಟೆ ಪಕ್ಕ ರಾಶಿ ಹಾಕಿದ್ದರು. ‘ಬಚ್ಚಲ ಒಲೆಗೆ ಆಯಿತು’ ಎಂದು ಅಮ್ಮ. ಮಾಡು ಕಟ್ಟಲು ಬಂದ ಆಚಾರ್ರು, ಅಂದರೆ ಬಡಗಿ, ಮಾತ್ರ ಒಂದು ತುಂಡು ಎತ್ತಿ ಮುರಿದ ಜಾಗ ತೋರಿಸಿದರು. ಒಳಗಿನ ಮರ ಅರಸಿನ ಬಣ್ಣ, ನಾರು ನಾರಾಗಿ ಸೀಳಿತ್ತು. ‘ಗೆದ್ದಲು ತಿಂದದ್ದಾದರೆ ಹೀಗೆ ಸೀಳುವುದಿಲ್ಲ, ಹುಡಿಯಾಗಿ ಉದುರುತ್ತದೆ’ ಎಂದರು. ಆಗ ನಮಗೆ ಗೆದ್ದಲಿನ ತಕರಾರು ಬರುತ್ತದೆಂದು ಗೊತ್ತೇ ಇರಲಿಲ್ಲ. ಏನೋ ತೋಚಿ ನಾಲ್ಕು ತುಂಡು ಗೋಣಿಯಲ್ಲಿ ಕಟ್ಟಿ ಹಟ್ಟಿಯ ಅಟ್ಟದಲ್ಲಿ ಇಟ್ಟೆ. ಕೊನೆಗೆ ಕೇಸನ್ನು ಹೊತ್ತದ್ದು ಆ ಗೋಣಿಯೇ. ನೀವೂ ಒಡೆದ ಹಂಚಿನ ರಾಶಿ, ಮುರಿದ ಮರ, ಸುಟ್ಟ ಸ್ವಿಚ್ ಬೋರ್ಡು ಏನನ್ನೂ ಸರ್ವೇಯರ್ ನೋಡುವ ಮೊದಲು ಎಸೆಯಬೇಡಿ. ನೋಡಿದ ಮೇಲೂ ಮಾದರಿಗೆ ಸ್ವಲ್ಪ ಇಡಿ.

ಸರ್ವೇಯರ್ ಬಂದಾಗ

2024ರ ಜೂನ್‌ನಲ್ಲಿ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆಯ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು. ಅವರು 15 ದಿನದಲ್ಲಿ ವರದಿ ಕೊಡಬೇಕು. ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಒಂದೇ ರಾತ್ರಿ ನೂರಾರು ಮನೆಗೆ ಹಾನಿಯಾದಾಗ ಈ ಲೆಕ್ಕ ತಪ್ಪುತ್ತದೆ, ನಿಜ. ಆದರೆ ಅವಧಿ ಮೀರಿದ ಪ್ರತಿ ಸಲ ಒಂದು ಇಮೇಲ್ ಹಾಕುತ್ತಾ ಹೋಗಿ. ಮುಂದೆ ಬಡ್ಡಿ ಕೇಳುವಾಗ ಅದು ಉಪಯೋಗಕ್ಕೆ ಬರುತ್ತದೆ.

ಸರ್ವೇಯರ್ ಜೊತೆ ಏಣಿ ಹತ್ತಿ. ಅವರು ಅಂಗಳದಲ್ಲೇ ನಿಂತು ಎರಡು ಫೋಟೋ ತೆಗೆದು ಹೊರಟರೆ ವಿನಯದಿಂದಲೇ ‘ಒಮ್ಮೆ ಅಟ್ಟ ನೋಡಿ ಸಾರ್’ ಎನ್ನಿ. ಅವರು ಬಂದದ್ದು, ನೋಡಿದ್ದು, ನೋಡದೆ ಬಿಟ್ಟದ್ದು ಎಲ್ಲವನ್ನೂ ಅದೇ ಸಂಜೆ ಅವರಿಗೇ ಇಮೇಲ್ ಮಾಡಿ, ಕಂಪನಿಗೆ ಪ್ರತಿ ಹಾಕಿ. ಖಾಲಿ ಫಾರಮ್‌ಗೆ ಸಹಿ ಹಾಕಬೇಡಿ. ‘ಒಪ್ಪಿಗೆ ಮೊತ್ತ’ ಎಂದು ಏನಾದರೂ ಬರೆಸಿಕೊಂಡರೆ ಓದದೆ ಸಹಿ ಬೇಡ.

ಅಂದಾಜು ಪಟ್ಟಿ ಬಿಡಿಬಿಡಿಯಾಗಿ ಇರಲಿ. ‘ಮಾಡು ರಿಪೇರಿ, ಒಟ್ಟು 3 ಲಕ್ಷ’ ಎಂದು ಕಂಟ್ರಾಕ್ಟರ್ ಬರೆದುಕೊಟ್ಟರೆ ಅದಕ್ಕೆ ಬೆಲೆ ಇಲ್ಲ. ನಮ್ಮ ಪಟ್ಟಿ ಹೀಗಿತ್ತು: ಪಕ್ಕಾಸು ಮತ್ತು ರೀಪಿನ ಮರ 92,000, ಹಂಚು 38,400, ಗೋಡೆಗೆ ಕೆಂಪುಕಲ್ಲು ಮತ್ತು ಗಾರೆ 46,000, ಆಚಾರ್ರು ಮತ್ತು ಕೂಲಿ 78,000, ವಯರಿಂಗ್ 21,000, ಮರ ಕಡಿದು ಸಾಗಿಸಿದ್ದು 11,000. ವಯರಿಂಗ್ ಹುಡುಗ ಬಿಲ್ ಕೊಡಲಿಲ್ಲ. ಕೇಳಿದರೆ ‘ನಮ್ಮ ನಿಮ್ಮೊಳಗೆ ಎಂತ ಬಿಲ್ಲು’ ಎಂದ. ನಾನೂ ಸುಮ್ಮನಾದೆ. ಆ ಸಂಕೋಚಕ್ಕೆ 21,000 ರೂಪಾಯಿ ಬಿತ್ತು.

ಸರ್ವೇಯರ್ ವರದಿಯ ಪ್ರತಿ ಕೇಳುವ ಹಕ್ಕು ನಿಮಗಿದೆ. ಕಂಪನಿಗೆ ಬರೆದು ಕೇಳಿ. ಅದನ್ನು ಓದದೆ ಮುಂದಿನ ಹೆಜ್ಜೆ ಇಟ್ಟರೆ ಕತ್ತಲಲ್ಲಿ ನಡೆದ ಹಾಗೆ.

ಕಂಪನಿ ಹೇಳುವ ಕಾರಣಗಳು, ಅವಕ್ಕೆ ಉತ್ತರ

ಕ್ಲೇಮ್ ತಿರಸ್ಕರಿಸಿದರೂ ಕತ್ತರಿಸಿದರೂ ಕಾರಣವನ್ನು ಲಿಖಿತವಾಗಿ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಹೇಳಿ ಕೊಡಬೇಕು. ಆ ಪತ್ರ ನಿಮ್ಮ ಕೇಸಿನ ಬೇರು. ಅದರಲ್ಲಿ ಬರೆಯದ ಹೊಸ ಕಾರಣವನ್ನು ಕಂಪನಿ ಆಮೇಲೆ ಕೋರ್ಟಿನಲ್ಲಿ ತೆಗೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಗಲಾಡಾ ಪವರ್ (2016), ಸೌರಾಷ್ಟ್ರ ಕೆಮಿಕಲ್ಸ್ (2019) ಪ್ರಕರಣಗಳಲ್ಲಿ ಹೇಳಿದೆ. ಹಾಗಾಗಿ ನೀವು ಹೊಡೆದಾಡಬೇಕಾದದ್ದು ಆ ಪತ್ರದ ಸಾಲುಗಳ ಜೊತೆ ಮಾತ್ರ.

ಸವೆತ, ಹಳೇ ಮನೆ, ಗೆದ್ದಲು. ಹಂಚಿನ ಮನೆಗೆ ಇದು ಮೊದಲ ಬಾಣ. ಸಹಜ ಸವೆತಕ್ಕೆ ಪಾಲಿಸಿ ದುಡ್ಡು ಕೊಡುವುದಿಲ್ಲ, ಅದು ಸರಿ. ಆದರೆ ಇಲ್ಲಿ ಪ್ರಶ್ನೆ ಮನೆ ಹಳತೋ ಹೊಸತೋ ಎಂದಲ್ಲ. ಮಾಡು ಬಿದ್ದದ್ದು ಮರದ ಭಾರಕ್ಕೋ, ಗೆದ್ದಲಿಗೋ? ಮರ ಬೀಳುವ ಹಿಂದಿನ ದಿನದವರೆಗೂ ಆ ಮಾಡು ನಿಂತಿತ್ತು ಎಂದು ತೋರಿಸಿ. ಮದುವೆ, ಕೋಲ, ಮಕ್ಕಳ ಹುಟ್ಟುಹಬ್ಬ ಯಾವುದರದ್ದಾದರೂ ಹಳೇ ಫೋಟೋದಲ್ಲಿ ಮಾಡು ಕಂಡರೆ ಸಾಕು. ನಾವು ಕೊಟ್ಟದ್ದು ಹಿಂದಿನ ದೀಪಾವಳಿಯಲ್ಲಿ ಅಂಗಳದಲ್ಲಿ ತೆಗೆದ ಚಿತ್ರ, ಹಿಂದೆ ಅಡುಗೆಮನೆಯ ಮಾಡು ನೆಟ್ಟಗೆ ಕಾಣುತ್ತಿತ್ತು. ಜೊತೆಗೆ ಆಚಾರ್ರ ಪ್ರಮಾಣಪತ್ರ (ಅಫಿಡವಿಟ್), ಒಬ್ಬ ಸಿವಿಲ್ ಎಂಜಿನಿಯರರ ವರದಿ, ಮುರಿದ ತುಂಡಿನ ಫೋಟೋ. ಎಂಜಿನಿಯರರಿಗೆ ಕೊಟ್ಟ ಶುಲ್ಕ ದಂಡ ಅನಿಸಿತ್ತು ಆಗ. ಆದೇಶದಲ್ಲಿ ಮೂರು ಕಡೆ ಅವರ ವರದಿಯ ಹೆಸರಿದೆ.

‘ಇದು ಬಿರುಗಾಳಿ ಅಲ್ಲ, ಬರೀ ಮಳೆ ಸೋರಿಕೆ.’ ಕರಾವಳಿಯ ಮಳೆಗೆ ಸೋರದ ಮನೆ ಯಾವುದು? ಬರೀ ಸೋರಿಕೆಗೆ ದುಡ್ಡು ಸಿಗುವುದು ಕಷ್ಟ. ಗಾಳಿ ಮೊದಲು ಹಂಚು ಎಬ್ಬಿಸಿತು, ಆ ಕಿಂಡಿಯಿಂದ ನೀರು ಬಂತು ಎಂಬ ಕ್ರಮ ತೋರಿಸಬೇಕು. ಹಾರಿದ ಹಂಚು ಎಷ್ಟು ದೂರ ಬಿದ್ದಿದೆ ಎಂಬ ಫೋಟೋ ಇದಕ್ಕೆ ಉಪಯೋಗ. ಹವಾಮಾನದ ದಾಖಲೆಯನ್ನೂ ತರಿಸಿಕೊಳ್ಳಬಹುದು. ಹವಾಮಾನ ಇಲಾಖೆಗೆ ಪಣಂಬೂರು ಮತ್ತು ಬಜ್ಪೆಯಲ್ಲಿ ಕೇಂದ್ರಗಳಿವೆ, ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯತ್ ಮಟ್ಟದಲ್ಲಿವೆ. ಅರ್ಜಿ ಹಾಕಿ ಆ ದಿನದ ಗಾಳಿ, ಮಳೆಯ ವಿವರ ಕೇಳಿ. ಬೇಕಾದರೆ ಮಾಹಿತಿ ಹಕ್ಕಿನಲ್ಲೂ ಕೇಳಬಹುದು.

ಕಡಲ್ಕೊರೆತ. ಉಳ್ಳಾಲ, ಸೋಮೇಶ್ವರ, ಪಡುಬಿದ್ರಿ, ಮರವಂತೆ ಕಡೆಯವರು ಇದನ್ನು ಎರಡು ಸಲ ಓದಿ. ನೆಲ ಕುಸಿತಕ್ಕೆ ವಿಮೆ ಉಂಟು, ಆದರೆ ಸಮುದ್ರ ಅಥವಾ ನದಿ ಕೊರೆದು ಆದ ಕುಸಿತಕ್ಕೆ ಇಲ್ಲ ಎಂದು ಪಾಲಿಸಿ ನೇರವಾಗಿ ಬರೆದಿದೆ. ಚಂಡಮಾರುತಕ್ಕೆ ಮತ್ತು ನೆರೆಗೆ ಉಂಟು. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಬಂದಾಗ ನಮ್ಮ ಕಡಲತೀರದಲ್ಲಿ ಗಾಳಿ, ಅಲೆ, ಕೊರೆತ ಮೂರೂ ಒಟ್ಟಿಗೆ ಬಂತು. ಅಂಥ ಹೊತ್ತಲ್ಲಿ ನೀವು ಕ್ಲೇಮ್ ಫಾರಮ್‌ನಲ್ಲಿ ರೂಢಿಯ ಮಾತಿನಂತೆ ‘ಕಡಲ್ಕೊರೆತದಿಂದ ಮನೆ ಹಾನಿ’ ಎಂದು ಬರೆದರೆ ಅಲ್ಲಿಗೆ ಮುಗಿಯಿತು. ಸುಳ್ಳು ಬರೆಯಿರಿ ಎಂದು ಹೇಳುತ್ತಿಲ್ಲ. ಗಾಳಿಗೆ ಹೋದದ್ದು ಯಾವುದು, ನುಗ್ಗಿದ ನೀರಿಗೆ ಹೋದದ್ದು ಯಾವುದು, ತಳದ ಮರಳು ಸರಿದು ಹೋದದ್ದು ಯಾವುದು ಎಂದು ಬೇರೆ ಬೇರೆ ಮಾಡಿ ಬರೆಯಿರಿ. ಮಹಜರಿನಲ್ಲೂ ಹಾಗೇ ಬರಲಿ. ಮಾಡು ಗಾಳಿಗೆ ಹಾರಿದ ಮೇಲೆ ಗೋಡೆ ಸಮುದ್ರಕ್ಕೆ ಹೋಗಿದ್ದರೆ ಮಾಡಿನ ದುಡ್ಡನ್ನಾದರೂ ಕೇಳಬಹುದು.

ಸಿಡಿಲು. ಸಿಡಿಲಿನಿಂದ ಆದ ಹಾನಿಗೆ ವಿಮೆ ಇದ್ದರೂ, ವೋಲ್ಟೇಜ್ ಏರಿ ಅಥವಾ ಶಾರ್ಟ್ ಸರ್ಕ್ಯೂಟ್ ಆಗಿ ಸುಟ್ಟ ಆ ಯಂತ್ರಕ್ಕೇ ಇಲ್ಲ ಎಂಬ ಷರತ್ತು ಹಲವು ಪಾಲಿಸಿಗಳಲ್ಲಿದೆ. ಫ್ರಿಡ್ಜ್ ಹೋದದ್ದಕ್ಕೆ ಜಗಳ ಮಾಡುವ ಮೊದಲು ಅದನ್ನು ಓದಿ. ಅದರಿಂದ ಬೆಂಕಿ ಹತ್ತಿ ಗೋಡೆ, ಕಪಾಟು ಸುಟ್ಟಿದ್ದರೆ ಲೆಕ್ಕ ಬೇರೆ.

ತಡವಾಗಿ ತಿಳಿಸಿದಿರಿ. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ರಸ್ತೆಗೆ ಮರ ಅಡ್ಡ ಬಿದ್ದಿದೆ ಎಂಬ ಕಾರಣ ನಿಜವಾಗಿದ್ದರೆ ಹೆದರಬೇಡಿ. ಬರೀ ತಡವಾಯಿತೆಂದು ನಿಜವಾದ ಕ್ಲೇಮ್ ತಿರಸ್ಕರಿಸಬಾರದು ಎಂದು ಐಆರ್‌ಡಿಎಐ 2011ರಲ್ಲೇ ಸುತ್ತೋಲೆ ಹೊರಡಿಸಿದೆ. ಕಳುವಾದ ವಾಹನಗಳ ಕೇಸುಗಳಲ್ಲಿ ಸುಪ್ರೀಂ ಕೋರ್ಟೂ 2017 ಮತ್ತು 2020ರಲ್ಲಿ ಇದೇ ಧಾಟಿಯಲ್ಲಿ ತೀರ್ಪು ಕೊಟ್ಟಿದೆ.

ಇಷ್ಟರ ಮೇಲೆ ಕಂಪನಿ ‘ಸರ್ವೇಯರ್ ಹೇಳಿದ್ದೇ ಅಂತಿಮ’ ಎನ್ನುತ್ತದೆ. ಅಂತಿಮವಲ್ಲ. ಸರ್ವೇಯರ್ ವರದಿ ಮುಖ್ಯವಾದ ದಾಖಲೆ, ಆದರೆ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟ್ 2009ರ ನ್ಯೂ ಇಂಡಿಯಾ ಅಶ್ಯೂರೆನ್ಸ್–ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಸುಮ್ಮನೆ ‘ವರದಿ ಸರಿ ಇಲ್ಲ’ ಎಂದರೆ ಮಾತ್ರ ನಡೆಯುವುದಿಲ್ಲ. ಯಾವ ಪುಟ, ಯಾವ ಲೆಕ್ಕ, ಯಾಕೆ ತಪ್ಪು ಎಂದು ಬೆರಳಿಟ್ಟು ತೋರಿಸಬೇಕು.

ಅರ್ಧ ದುಡ್ಡಿಗೆ ಪೂರ್ತಿ ಸಹಿ ಕೇಳಿದರೆ

64,000ದ ಜೊತೆ ನಮಗೆ ಒಂದು ವೋಚರ್ ಬಂತು. ‘ಪೂರ್ಣ ಮತ್ತು ಅಂತಿಮ ಪರಿಹಾರವಾಗಿ ಸ್ವೀಕರಿಸಿದ್ದೇನೆ’ ಎಂದು ಅಚ್ಚಾಗಿತ್ತು. ಮಳೆಗಾಲ ತಲೆ ಮೇಲಿತ್ತು, ಹಂಚಿನ ಅಂಗಡಿಯವರಿಗೆ ಬಾಕಿ ಇತ್ತು. ನಾನು ಆ ಸಾಲನ್ನು ಹೊಡೆದುಹಾಕಿ, ಕೆಳಗೆ ಕೈಬರಹದಲ್ಲಿ ‘ಆಕ್ಷೇಪಣೆಯೊಂದಿಗೆ, ಭಾಗಶಃ ಮೊತ್ತವಾಗಿ ಸ್ವೀಕರಿಸಿದ್ದೇನೆ. ಉಳಿದ ಮೊತ್ತದ ಹಕ್ಕು ಬಿಟ್ಟುಕೊಟ್ಟಿಲ್ಲ’ ಎಂದು ಬರೆದು ಸಹಿ ಹಾಕಿ, ಅದರ ಫೋಟೋ ತೆಗೆದು ಇಮೇಲ್ ಕೂಡ ಮಾಡಿದೆ. ವಾರ ತಡವಾದರೂ ದುಡ್ಡು ಬಂತು.

ಗೊತ್ತಿಲ್ಲದೆ ಸಹಿ ಹಾಕಿಬಿಟ್ಟಿದ್ದರೆ? ಸಹಿ ಇದ್ದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ಮೋಸದಿಂದ, ಒತ್ತಡದಿಂದ ಅಥವಾ ತಪ್ಪು ತಿಳಿವಳಿಕೆ ಕೊಟ್ಟು ಸಹಿ ಪಡೆದಿದ್ದರೆ ಪ್ರಶ್ನಿಸಬಹುದು ಎಂದು 1999ರ ಅಜ್ಮೇರ್ ಸಿಂಗ್ ಕಾಟನ್ ಪ್ರಕರಣದ ತೀರ್ಪು ಇದೆ. ಆದರೆ ಒತ್ತಡ ಇತ್ತೆಂದು ತೋರಿಸುವ ಭಾರ ನಿಮ್ಮದು. ಸಹಿ ಹಾಕಿದ ಎರಡು ಮೂರು ದಿನದೊಳಗೆ ಆಕ್ಷೇಪಣೆ ಪತ್ರ ಹೋಗಿದ್ದರೆ ನಂಬುತ್ತಾರೆ. ಎಂಟು ತಿಂಗಳ ನಂತರ ನೆನಪಾದರೆ ಕಷ್ಟ.

ಕಂಪನಿಯೊಳಗೇ ಒಂದು ದೂರು

ಇದು ಬೇಗ ಮುಗಿಯುವ ಕೆಲಸ. ಪ್ರತಿ ಕಂಪನಿಗೂ ದೂರು ಪರಿಹಾರ ಅಧಿಕಾರಿ ಇರುತ್ತಾರೆ, ಅವರ ಇಮೇಲ್ ಪಾಲಿಸಿಯಲ್ಲೇ ಇರುತ್ತದೆ. ಅವರಿಗೆ ಬರೆಯಿರಿ. ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ಹಾಕಿ, ಅಥವಾ 155255ಕ್ಕೆ ಫೋನ್ ಮಾಡಿ. ಐಆರ್‌ಡಿಎಐ ನಿಮ್ಮ ಪರ ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೊಡಿಸುತ್ತದೆ. ನಮಗೆ ಬಂದ ಉತ್ತರ ಮೊದಲಿನ ಪತ್ರದ ನಕಲೇ. ಆದರೂ ಈ ಹೆಜ್ಜೆ ಬಿಡಬೇಡಿ, ವಿಮೆಯ ಜಗಳ ಬಗೆಹರಿಸುವ ಒಂಬುಡ್ಸ್‌ಮನ್ ಹತ್ತಿರ ಹೋಗಲು ಇದು ಬೇಕೇ ಬೇಕು.

ಒಂಬುಡ್ಸ್‌ಮನ್ನೋ, ಗ್ರಾಹಕ ಆಯೋಗವೋ

ವಿಮಾ ಒಂಬುಡ್ಸ್‌ಮನ್ ಕಚೇರಿ ಬೆಂಗಳೂರಲ್ಲಿದೆ. ದೂರನ್ನು ಆನ್‌ಲೈನ್‌ನಲ್ಲಿ ಹಾಕಬಹುದು, ವಿಚಾರಣೆ ವಿಡಿಯೋದಲ್ಲೂ ನಡೆಯುತ್ತದೆ. ಶುಲ್ಕ ಇಲ್ಲ, ವಕೀಲರಿಗೆ ಅವಕಾಶವೂ ಇಲ್ಲ. 50 ಲಕ್ಷದವರೆಗಿನ ಜಗಳ ತೆಗೆದುಕೊಳ್ಳುತ್ತಾರೆ. ಕಂಪನಿ ಉತ್ತರ ಕೊಟ್ಟು ಒಂದು ವರ್ಷದೊಳಗೆ ಹೋಗಬೇಕು, ಒಂದು ತಿಂಗಳು ಕಾದರೂ ಉತ್ತರ ಬಾರದಿದ್ದರೂ ಹೋಗಬಹುದು. ಒಂಬುಡ್ಸ್‌ಮನ್ ಕೊಟ್ಟ ತೀರ್ಪಿಗೆ ಕಂಪನಿ ಬದ್ಧ. ನಿಮಗೆ ಒಪ್ಪಿಗೆಯಾಗದಿದ್ದರೆ ನೀವು ಗ್ರಾಹಕ ಆಯೋಗಕ್ಕೆ ಹೋಗಬಹುದು. ಆದರೆ ಆಯೋಗದಲ್ಲಿ ಕೇಸು ಹಾಕಿದ ಮೇಲೆ ಒಂಬುಡ್ಸ್‌ಮನ್ ಕಡೆ ತಿರುಗಲು ಆಗುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ: ಜಗಳ ಲೆಕ್ಕದ್ದಾಗಿದ್ದರೆ, ಉದಾಹರಣೆಗೆ ಸವೆತ ಎಷ್ಟು ಶೇಕಡಾ ಕಳೆಯಬೇಕು ಎಂಬಂಥದ್ದು, ಒಂಬುಡ್ಸ್‌ಮನ್ ಸಾಕು. ಜಗಳ ಸಾಕ್ಷಿಯದ್ದಾಗಿದ್ದರೆ, ಅಂದರೆ ಮಾಡು ಯಾಕೆ ಬಿತ್ತು ಎಂಬುದೇ ಪ್ರಶ್ನೆಯಾಗಿದ್ದರೆ, ಆಯೋಗ ವಾಸಿ. ಆಚಾರ್ರ ಪ್ರಮಾಣಪತ್ರ, ಎಂಜಿನಿಯರರ ವರದಿ, ಸರ್ವೇಯರಿಗೆ ಪ್ರಶ್ನಾವಳಿ ಇದಕ್ಕೆಲ್ಲ ಅಲ್ಲಿ ಜಾಗವಿದೆ. ಅದಕ್ಕೇ ನಾವು ನೇರ ಆಯೋಗಕ್ಕೆ ಹೋದದ್ದು.

ಮೂರನೇ ದಾರಿಯೂ ಇದೆ, ಅಷ್ಟಾಗಿ ಯಾರೂ ಹೇಳುವುದಿಲ್ಲ. ಮಂಗಳೂರಿನಲ್ಲಿ ಖಾಯಂ ಜನತಾ ನ್ಯಾಯಾಲಯ ಇದೆ. ವಿಮೆ ಅದರ ವ್ಯಾಪ್ತಿಗೆ ಬರುತ್ತದೆ, 1 ಕೋಟಿಯವರೆಗೆ. ಮೊದಲು ರಾಜಿ ಮಾಡಿಸಲು ನೋಡುತ್ತಾರೆ, ಆಗದಿದ್ದರೆ ತೀರ್ಪನ್ನೇ ಕೊಡುತ್ತಾರೆ. ಸಿವಿಲ್ ಕೋರ್ಟಿಗೂ ಹೋಗಬಹುದು, ಆದರೆ ಕೋರ್ಟ್ ಶುಲ್ಕ ಮತ್ತು ವರ್ಷಗಳ ಲೆಕ್ಕ ಹಾಕಿದರೆ ಮನೆ ಮಾಡಿನ ಜಗಳಕ್ಕೆ ಅದು ಬೇಡ.

ದೂರು ಬರೆಯುವುದು

ಜಿಲ್ಲಾ ಗ್ರಾಹಕ ಆಯೋಗ ಮಂಗಳೂರಲ್ಲೂ ಇದೆ, ಉಡುಪಿಯಲ್ಲೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು, ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲಿದ್ದರೂ ಚಿಂತೆ ಇಲ್ಲ. ಜಿಲ್ಲಾ ಆಯೋಗದ ಮಿತಿ 50 ಲಕ್ಷ ಎಂದು ಕೇಳಿ ಗಾಬರಿಯಾಗಬೇಡಿ. ಅದು ನೀವು ಕಟ್ಟಿದ ಹಣದ ಲೆಕ್ಕ, ಅಂದರೆ ಪ್ರೀಮಿಯಂ. ನಿಮ್ಮ ಮನೆಗೆ 80 ಲಕ್ಷದ ವಿಮೆ ಇದ್ದರೂ ಕೇಸು ಜಿಲ್ಲೆಯಲ್ಲೇ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಅವಧಿ ಎರಡು ವರ್ಷ. ಕಂಪನಿ ತಿರಸ್ಕರಿಸಿದ ದಿನದಿಂದ ಎಣಿಸಬಹುದೆಂಬ ವಾದ ಇದೆ, ಆದರೆ ಸುಮ್ನೆ ಯಾಕೆ ರಗಳೆ. ಮರ ಬಿದ್ದ ದಿನದಿಂದ ಎಣಿಸಿ.

ಮೊದಲು ಕಂಪನಿಗೆ ಒಂದು ನೋಟಿಸ್ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, 15 ದಿನ ಕೊಡಿ. ಆಮೇಲೆ ದೂರು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು, 2025ರ ಜನವರಿಯಲ್ಲಿ ಇದು ಬಂತು. ವಕೀಲರು ಇರಲೇಬೇಕೆಂದಿಲ್ಲ. ದೂರನ್ನು ಕನ್ನಡದಲ್ಲೇ ಬರೆಯಬಹುದು. ನಾನು ದೂರು ನಾನೇ ಬರೆದೆ, ವಾದದ ದಿನಕ್ಕೆ ಮಾತ್ರ ಒಬ್ಬ ವಕೀಲರನ್ನು ಇಟ್ಟುಕೊಂಡೆ. ಹಾಗೆ ಮಾಡಿದ್ದಕ್ಕೆ ಬೇಸರವಿಲ್ಲ.

ಎದುರುದಾರರಾಗಿ ಪಾಲಿಸಿ ಕೊಟ್ಟ ಶಾಖೆ ಮತ್ತು ಮುಖ್ಯ ಕಚೇರಿ ಎರಡನ್ನೂ ಹಾಕಿ. ಸಾಲ ಇದ್ದರೆ ಬ್ಯಾಂಕನ್ನೂ ಸೇರಿಸಿ, ಯಾಕೆಂದರೆ ಕ್ಲೇಮ್ ಹಣ ಮೊದಲು ಬ್ಯಾಂಕಿಗೆ ಹೋಗುವ ಷರತ್ತು ಇರುತ್ತದೆ. ಏಜೆಂಟರನ್ನು, ಸರ್ವೇಯರನ್ನು ಸಿಟ್ಟಿಗೆ ಎಳೆಯಬೇಡಿ.

ದೂರಿನ ಮೈ ತಾರೀಕಿನ ಕ್ರಮದಲ್ಲಿ ಸಾಗಲಿ. ಸಣ್ಣ ಸಣ್ಣ ಪ್ಯಾರಾ, ಪ್ರತಿ ಪ್ಯಾರಾದ ಕೊನೆಗೆ ದಾಖಲೆಯ ಸಂಖ್ಯೆ. ನಮ್ಮದರ ಒಂದು ಪ್ಯಾರಾ ಹೀಗಿತ್ತು:

‘7. ಎದುರುದಾರರು ತಮ್ಮ ಪತ್ರದಲ್ಲಿ ಪಕ್ಕಾಸಿಗೆ ಗೆದ್ದಲು ಹಿಡಿದಿತ್ತೆಂದು ಹೇಳಿದ್ದಾರೆ. ಸರ್ವೇಯರ್ ಬಂದ ದಿನ ಮುರಿದ ಪಕ್ಕಾಸುಗಳು ಬಾವಿಕಟ್ಟೆಯ ಪಕ್ಕದಲ್ಲಿದ್ದವು. ಅವರು ಅವನ್ನು ಮುಟ್ಟಿ ನೋಡಲಿಲ್ಲ. ಅದೇ ಸಂಜೆ ನಾನು ಕಳಿಸಿದ ಇಮೇಲಿನಲ್ಲಿ ಇದನ್ನು ತಿಳಿಸಿದ್ದೇನೆ (ದಾಖಲೆ 9). ವರದಿಯಲ್ಲಿ ಗೆದ್ದಲಿನ ಒಂದೂ ಫೋಟೋ ಇಲ್ಲ (ದಾಖಲೆ 11). ಮುರಿದ ತುಂಡುಗಳು ಈಗಲೂ ನನ್ನ ಬಳಿ ಇವೆ.’

ಅಷ್ಟೇ. ‘ಅಪಾರ ಮಾನಸಿಕ ಯಾತನೆ’ ಎಂದು ಎರಡು ಪುಟ ಬರೆಯುವುದಕ್ಕಿಂತ ಇಂಥ ಐದು ಸಾಲು ಕೆಲಸ ಮಾಡುತ್ತದೆ. ಕೊನೆಯಲ್ಲಿ ಏನು ಕೇಳುತ್ತೀರಿ ಎಂದು ಬಿಡಿಸಿ ಬರೆಯಿರಿ: ಬಾಕಿ ಮೊತ್ತ, ಯಾವ ದಿನದಿಂದ ಎಷ್ಟು ಬಡ್ಡಿ, ಖರ್ಚು. ಕೇಳದ್ದನ್ನು ಆಯೋಗ ತಾನಾಗಿ ಕೊಡುವುದಿಲ್ಲ. ಹಾಗೆಂದು 2 ಲಕ್ಷದ ನಷ್ಟಕ್ಕೆ 10 ಲಕ್ಷ ಪರಿಹಾರ ಕೇಳಿದರೆ ನಿಮ್ಮ ಉಳಿದ ಲೆಕ್ಕದ ಮೇಲೂ ಅನುಮಾನ ಬರುತ್ತದೆ.

ಫೋಟೋ, ವಿಡಿಯೋ, ಇಮೇಲ್ ಪ್ರಿಂಟುಗಳ ಜೊತೆ ಇವು ಮೂಲ ಫೈಲಿನಿಂದಲೇ ತೆಗೆದವು ಎಂದು ಹೇಳುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಸರ್ಟಿಫಿಕೇಟ್ ಇಡಿ. ಆಯೋಗ ಇದರಲ್ಲಿ ಕೋರ್ಟಿನಷ್ಟು ಬಿಗಿ ಮಾಡುವುದಿಲ್ಲ, ಆದರೆ ಎದುರಿನ ವಕೀಲರಿಗೆ ಒಂದು ತಕರಾರು ಕಡಿಮೆಯಾಗುತ್ತದೆ.

ಆಯೋಗದಲ್ಲಿ

ಕಂಪನಿಗೆ ನೋಟಿಸ್ ತಲುಪಿದ ಮೇಲೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. 45 ದಿನ ದಾಟಿದರೆ ಉತ್ತರ ಸೇರಿಸಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿದೆ. ನೋಟಿಸ್ ಮುಟ್ಟಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಅವಧಿ ಮೀರಿದ್ದರೆ ಅದೇ ದಿನ ಎದ್ದು ಹೇಳಬೇಕು.

ಆಮೇಲೆ ಎರಡೂ ಕಡೆ ಸಾಕ್ಷ್ಯ ಪ್ರಮಾಣಪತ್ರದ ರೂಪದಲ್ಲಿ ಹೋಗುತ್ತದೆ. ಸಿನಿಮಾದ ಕಟಕಟೆ ಕಲ್ಪಿಸಿಕೊಳ್ಳಬೇಡಿ. ಹೆಚ್ಚಿನ ದಿನ ಎದ್ದು ನಿಂತು ‘ಹಾಜರ್’ ಎಂದು ಹೇಳಿ ಮುಂದಿನ ತಾರೀಕು ಬರೆದುಕೊಂಡು ಬರುವುದು, ಅಷ್ಟೇ. ಮೂರು ತಿಂಗಳಲ್ಲಿ ಮುಗಿಸಬೇಕೆಂದು ಕಾಯ್ದೆಯಲ್ಲಿದೆ, ಮುಗಿಯುವುದಿಲ್ಲ. ನಡುವೆ ಮಧ್ಯಸ್ಥಿಕೆಗೆ ಕಳಿಸಬಹುದು. ನಮ್ಮ ಕೇಸಿನಲ್ಲಿ ಕಂಪನಿ 64,000ವನ್ನು 1,10,000 ಮಾಡುತ್ತೇನೆ ಎಂದಿತು. ಅಮ್ಮ ಬೇಡ ಎಂದರು. ಆ ಹೊತ್ತಿಗೆ ನನಗೆ ಸಾಕಾಗಿತ್ತು, ಒಪ್ಪಿಬಿಡುತ್ತಿದ್ದೆ.

ಸರ್ವೇಯರಿಗೆ ಪ್ರಶ್ನಾವಳಿ ಕೊಡಲು ಅನುಮತಿ ಕೇಳಿ. ನಾವು ಕೇಳಿದ್ದು ನಾಲ್ಕೇ ಪ್ರಶ್ನೆ. ಮಾಡಿನ ಮೇಲೆ ಹತ್ತಿದ್ದೀರಾ? ಮುರಿದ ಪಕ್ಕಾಸು ಕೈಯಲ್ಲಿ ಹಿಡಿದು ನೋಡಿದ್ದೀರಾ? ಗೆದ್ದಲಿನ ಫೋಟೋ ಯಾವ ಪುಟದಲ್ಲಿದೆ? ಎಷ್ಟು ಪಕ್ಕಾಸಿನಲ್ಲಿ ಗೆದ್ದಲಿತ್ತು? ಕೊನೆಯ ಎರಡಕ್ಕೆ ‘ನೆನಪಿಲ್ಲ’ ಎಂಬ ಉತ್ತರ ಬಂತು. ವಾದದ ದಿನ ಗೋಣಿಯನ್ನು ಹೊತ್ತುಕೊಂಡೇ ಹೋಗಿದ್ದೆ. ತೆಗೆಯುವ ಅಗತ್ಯ ಬರಲಿಲ್ಲ, ಫೋಟೋ ಮತ್ತು ಎಂಜಿನಿಯರರ ವರದಿಯೇ ಸಾಕಾಯಿತು.

ಆದೇಶದಲ್ಲಿ ವಯರಿಂಗಿನ 21,000 ಬಿಲ್ಲಿಲ್ಲವೆಂದು ಹೋಯಿತು. ಮರ ಸಾಗಿಸಿದ 11,000ವೂ ಪೂರ್ತಿ ಸಿಗಲಿಲ್ಲ: ಭಗ್ನಾವಶೇಷ ತೆಗೆಯುವ ಖರ್ಚಿಗೆ ಪಾಲಿಸಿಯ ಮಿತಿ ಕ್ಲೇಮಿನ ಶೇ. 2. ಹಾಗಾಗಿ ಈ ಎರಡೂ ಬಿಟ್ಟು ಉಳಿದ 2,54,400, ಅದರ ಶೇ. 2 ಎಂದರೆ 5,088, ಒಟ್ಟು 2,59,488. ಮೊದಲು ಕೊಟ್ಟ 64,000 ಕಳೆದು 1,95,488, ಶೇ. 6 ಬಡ್ಡಿ, ಖರ್ಚಿಗೆ 10,000.

ಆದೇಶ ಬಂದ ಮೇಲೆ

ಕಂಪನಿಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಲು 45 ದಿನ ಇದೆ. ಹೋಗುವುದಾದರೆ ಆದೇಶದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಸಣ್ಣ ಮೊತ್ತಕ್ಕೆ ಅಷ್ಟು ತಲೆಬಿಸಿ ಮಾಡಿಕೊಳ್ಳುವುದು ಕಡಿಮೆ. ನಿಮಗೇ ಸೋಲಾದರೆ ನಿಮಗೂ ಅದೇ 45 ದಿನ, ಆದೇಶದ ಪ್ರತಿ ಸಿಕ್ಕ ದಿನವನ್ನು ಕವರಿನ ಮೇಲೇ ಬರೆದಿಡಿ.

ಮೇಲ್ಮನವಿಯೂ ಇಲ್ಲ, ದುಡ್ಡೂ ಇಲ್ಲ ಎಂದಾದರೆ ಅದೇ ಜಿಲ್ಲಾ ಆಯೋಗಕ್ಕೆ ಜಾರಿ ಅರ್ಜಿ ಹಾಕಿ. ಗ್ರಾಹಕ ಕಾಯ್ದೆಯ 71ನೇ ಕಲಮಿನಲ್ಲಿ ಸಿವಿಲ್ ಕೋರ್ಟಿನ ಡಿಕ್ರಿಯಂತೆ ವಸೂಲಿ ಮಾಡಿಸಬಹುದು. 72ನೇ ಕಲಮಿನಲ್ಲಿ ಆದೇಶ ಪಾಲಿಸದವರಿಗೆ ಒಂದು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು, 25,000ಕ್ಕೆ ಕಡಿಮೆಯಿಲ್ಲದ ದಂಡ ಅಥವಾ ಎರಡೂ ಇದೆ. 72 ಎಂಬ ಸಂಖ್ಯೆ ಇರುವ ಒಂದು ನೋಟಿಸ್ ಹೋದರೆ ಸಾಮಾನ್ಯವಾಗಿ ಚೆಕ್ಕು ಬೇಗ ತಯಾರಾಗುತ್ತದೆ.

ದುಡ್ಡು ಬಂದಾಗ ಬಡ್ಡಿಯ ಲೆಕ್ಕ ನೀವೇ ಒಮ್ಮೆ ಹಾಕಿ ನೋಡಿ. ನಮಗೆ ಎರಡು ತಿಂಗಳ ಬಡ್ಡಿ ಕಡಿಮೆ ಬಂದಿತ್ತು, ಒಂದು ಇಮೇಲ್ ಹಾಕಿದ ಮೇಲೆ ಸರಿ ಮಾಡಿದರು. ಮತ್ತೆ, ಮೇಲ್ಮನವಿಯ ಅವಧಿ ಮುಗಿಯುವವರೆಗೆ ಸಾಕ್ಷಿಯ ಸಾಮಾನು ಏನನ್ನೂ ಬಿಸಾಡಬೇಡಿ. ನಾನು 46ನೇ ದಿನ ಗೋಣಿ ಕೆಳಗಿಳಿಸಿದೆ. ಮರುದಿನ ಬೆಳಿಗ್ಗೆ ನೀರು ಕಾಯಿಸಲು ಅಮ್ಮ ಆ ನಾಲ್ಕೂ ತುಂಡನ್ನು ಬಚ್ಚಲ ಒಲೆಗೆ ಹಾಕಿದರು.